ಟಗರಿನ ಕುತ್ತಿಗೆ

ಒಬ್ಬರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದು ಮಿತಿ ಇರುತ್ತದೆ. ನಮ್ಮ ಪಕ್ಕದ ಮನೆಯ ಅಕ್ಕೋರು ನನ್ನನ್ನು ಆ ಮಿತಿಯಿಂದಾಚೆ ದಿನಾ ಬೆಳಿಗ್ಗೆ ಎಂಟು ಗಂಟೆಯೊಳಗೇ ದಾಟಿಸಿಬಿಡುತ್ತಿದ್ದರು. ಹೋದ ತಿಂಗಳು ತೀರಿಕೊಂಡರು. ಹೋದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಪ್ರಯತ್ನ ಮಾಡುತ್ತೇನೆ, ಆದರೆ ಮಾತು ಕೊಡುವುದಿಲ್ಲ.

ಅಕ್ಕೋರು ಅಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರು. ಇವರು ಟಿಕೋಟಾದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ. ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಮೇಲಿಂದ ಅವರಿಗೆ ನಮ್ಮ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ನನ್ನ ಕರ್ಮ, ಇನ್ನೇನು.

ಎತ್ತರದ ಬಡಕಲು ಆಳು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಎಡಗೈಯ ಗಡಿಯಾರವನ್ನು ಬಲಗೈಯಿಂದ ಹಿಡಿದುಕೊಂಡೇ ಮಾತಾಡುತ್ತಿದ್ದರು. ಎದುರಿಗಿದ್ದವರಿಗೆ ತಾವು ತಡವಾಗಿ ಬಂದೆವೇನೋ ಎನ್ನಿಸಬೇಕು. ನನ್ನ ಮೈದುನನ ಮದುವೆ ಪತ್ರಿಕೆ ಕೊಡಲು ಹೋದರೆ ಕೂಡಲೇ ಕೆಂಪು ಪೆನ್ನು ತಂದು ಏಳು ತಪ್ಪು ತಿದ್ದಿ ನನ್ನ ಕೈಗೇ ವಾಪಸ್ ಕೊಟ್ಟರು. ಮದುವೆಗೆ ಬಂದರು, ಅಕ್ಷತೆ ಹಾಕಿದರು, ಊಟಕ್ಕೆ ಕುಳಿತಾಗ ನನ್ನ ಅತ್ತೆಯನ್ನು ಕೇಳಿದರು: "ಮತ್ತೊಮ್ಮೆ ಛಾಪಿಸಿದ್ರ್ಯೋ ಇಲ್ಲೋ?" ಅತ್ತೆ ಆ ಹೊತ್ತು ಊಟ ಮಾಡಲಿಲ್ಲ.

ಇನ್ನು ಅವರ ದಬ್ಬಣ. ಜೋಳದ ಚೀಲ ಹೊಲಿಯುವ ಗೇಣುದ್ದದ ಸೂಜಿ. ಅದನ್ನು ತಿಕ್ಕಿ ತೊಳೆದು ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ನಾನು ಏನೇ ಬೇಯಿಸಲಿ, ಅದರೊಳಗೆ ದಬ್ಬಣ ಚುಚ್ಚಿ, ಹೊರಗೆ ತೆಗೆದು, ಬೆಳಕಿಗೆ ಹಿಡಿದು ನೋಡಬೇಕು. ಕಡುಬಿಗೂ ಚುಚ್ಚಿದರು, ಢೋಕಳಾಕ್ಕೂ ಚುಚ್ಚಿದರು. ಒಮ್ಮೆ ಗಿರಾಕಿ ಬಂದು ಬಾಗಿಲಲ್ಲಿ ನಿಂತಿರುವಾಗ, ಕ್ರೀಮ್ ಹಚ್ಚಿ ಹೆಸರು ಬರೆದಿದ್ದ ಕೇಕಿನ ನಟ್ಟನಡುವೆ ಚುಚ್ಚಿದರು. "ಹೊರಗಿನ ಬಣ್ಣಾ ನೋಡಿ ಪಾಸ್ ಮಾಡಾಕ ನಾ ಏನ್ ಹುಚ್ಚಿ ಏನು?" ಎಂದರು. ಹುಟ್ಟುಹಬ್ಬದ ಹುಡುಗಿಯ ಹೆಸರಿನಲ್ಲಿ ಒಂದು ಸೊನ್ನೆ ಹೆಚ್ಚಾಯಿತು.

ಕೇಕಿನ ವಿಷಯ ಬಂದಿತಲ್ಲ, ಅದನ್ನು ಹೇಳುತ್ತೇನೆ. ಮದುವೆಯಾದ ಮೇಲೆ ನಾನು ನೌಕರಿ ಬಿಟ್ಟಿದ್ದೆ. ಆಗ ನನ್ನ ತಾಯಿ ಒಂದು ಕರೆಂಟಿನ ಒಲೆ ಕೊಡಿಸಿದಳು, ಕೇಕ್ ಸುಡುವ ಒಲೆ. ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳುವುದಕ್ಕೆ ಇದ್ದದ್ದು ಅದೊಂದೇ. ಮೊಬೈಲಿನಲ್ಲಿ ನೋಡಿ ನೋಡಿ ಕಲಿತೆ. ನಮ್ಮ ಮನೆಯೊಳಗೆ ತತ್ತಿ ತರುವಂತಿಲ್ಲ, ಮೊಸರು ಮತ್ತು ಸೋಡಾದ ಮೇಲೆಯೇ ಎಲ್ಲ ಉಬ್ಬಬೇಕು. ಚಪ್ಪಟೆ ಕೇಕ್ ಆದರೆ ಸಲೀಸು. ಎತ್ತರದ್ದು ಮಾಡಲು ಹೋದೆ, ಅಲ್ಲಿ ಮುಗ್ಗರಿಸಿದೆ.

ಮಾವನವರು ಬಬಲೇಶ್ವರದಲ್ಲಿ ನೌಕರಿಯಿಂದ ನಿವೃತ್ತರಾದ ದಿನ ಅದು. ಗುಮ್ಮಟದ ಆಕಾರದಲ್ಲಿ ಗೇಣೆತ್ತರದ ಕೇಕ್ ಮಾಡಿ ಒಯ್ದಿದ್ದೆ. ಹೊರಗೆ ನೋಡಿದರೆ ಕೆಂಪಗೆ, ಚೆಂದ. ಮಾವನವರು ಸಹೋದ್ಯೋಗಿಗಳ ಮುಂದೆ ಚಾಕು ಇಟ್ಟರು. ಗುಮ್ಮಟದ ಹೊಟ್ಟೆಯೊಳಗಿಂದ ಹಸಿ ಹಿಟ್ಟು ಗಳಗಳ ಸುರಿದು ಮೇಜಿನ ಮೇಲೆ ಹರಿದು ಅವರಿಗೆ ಹೊದಿಸಿದ್ದ ಶಾಲಿನ ತುದಿಗೆ ಹತ್ತಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮನೆಗೆ ಬಂದ ಮೇಲೆ ಅತ್ತೆ ಒಂದೇ ಮಾತು ಹೇಳಿದರು: "ಇನ್ನೊಮ್ಮೆ ಹಿಂಗ ಮಂದ್ಯಾಗ ಮರ್ಯಾದಿ ಹೋತಂದ್ರ, ಆ ಒಲಿ ಬಬಲೇಶ್ವರಕ್ಕ ಹೋಗತೈತಿ ನೋಡವಾ." ಬಬಲೇಶ್ವರದಲ್ಲಿ ನನ್ನ ನಾದಿನಿ ಇದ್ದಾಳೆ. ಆ ಒಲೆಯ ಮೇಲೆ ಆಕೆಯ ಕಣ್ಣು ಮೊದಲಿಂದಲೂ ಇತ್ತು.

ಗೋಡೆಯಾಚೆ ಅಕ್ಕೋರಿಗೆ ಎಲ್ಲವೂ ಕೇಳಿಸಿತ್ತು. ಮರುದಿನ ಬೆಳಿಗ್ಗೆ ಬಂದು ಕುರ್ಚಿ ಎಳೆದುಕೊಂಡು ಕುಳಿತರು. ಪಾಪ, ಸಮಾಧಾನ ಹೇಳಲು ಬಂದಿದ್ದಾರೆ ಎಂದುಕೊಂಡೆ.

"ಯಾಕ ಬೇಯಲಿಲ್ಲ, ಹೇಳು."

"ಬೇಯಲಿಲ್ರಿ, ಅಷ್ಟ."

"ಅಷ್ಟ ಅಂದ್ರ ಉತ್ತರ ಅಲ್ಲ ತಂಗಿ. ಯಾಕ?"

ನನಗೆ ಅಳು ಬಂದಿತ್ತು, ಇವರಿಗೆ ಉತ್ತರ ಬೇಕಾಗಿತ್ತು. ಕೊನೆಗೆ ತಾವೇ ಹೇಳಿದರು. ಎತ್ತರದ ಪಾತ್ರೆಯಲ್ಲಿ ಕಾವು ಹೊರಗಿನಿಂದ ಒಳಗೆ ನಡೆದು ಹೋಗಬೇಕು. ಅದು ನಡುವಿಗೆ ಮುಟ್ಟುವಷ್ಟರಲ್ಲಿ ಅಂಚು ಬೆಂದು ಗಟ್ಟಿಯಾಗಿ ಬಾಗಿಲು ಹಾಕಿಕೊಂಡಿರುತ್ತದೆ. "ನಿನ್ನಂಗ. ಗಡಿಬಿಡಿ ಭಾಳ," ಎಂದು ಎದ್ದು ಹೋದರು.

ಇದಾಗಿ ಎರಡು ತಿಂಗಳಿಗೆ ಅವರು ಮಾಡಿದ ಕೆಲಸ ನೋಡಿ. ಟಿಕೋಟಾ ಹತ್ತಿರದ ಘೋಣಸಗಿಯಲ್ಲಿ ಅವರ ಒಬ್ಬ ಹಳೇ ವಿದ್ಯಾರ್ಥಿ ಇದ್ದಾನೆ. ಹೊಲ ಇದೆ, ದೊಡ್ಡ ಕುರಿ ಹಿಂಡು ಇದೆ. ಅವನ ಮಗನಿಗೆ ಒಂದು ವರ್ಷ ತುಂಬುವುದಿತ್ತು. ಆ ಕೂಸು ಎಂಥ ಅಳುವಿದ್ದರೂ ಟಗರು ಕಂಡರೆ ಥಟ್ಟನೆ ನಿಲ್ಲಿಸುತ್ತಿತ್ತಂತೆ. ಅದಕ್ಕೆ ಅವರಿಗೆ ಟಗರಿನ ಆಕಾರದ ಕೇಕೇ ಬೇಕು. ಚಿತ್ರದ್ದಲ್ಲ, ತಲೆ ಎತ್ತಿ ಕುಳಿತಿರುವ ಟಗರು. ಊರ ಬೇಕರಿಯವರು ಆಗುವುದಿಲ್ಲ ಎಂದಿದ್ದರು. ಅಕ್ಕೋರು ನನ್ನನ್ನು ಒಂದು ಮಾತು ಕೇಳದೆ ಹೂಂ ಎಂದು ಬಂದಿದ್ದರು.

"ಅಕ್ಕೋರ, ನನ್ನ ಒಲಿ ಹೋಗತೈತ್ರಿ!"

"ಬೆಂದ್ರ ಯಾಕ ಹೋಗತೈತಿ?"

ಅತ್ತೆಗೆ ಇನ್ನೊಂದೇ ಚಿಂತೆ. "ನಮ್ಮ ಮನ್ಯಾಗ ಟಗರ ಮಾಡಿ ಕೊಯ್ಯಾಕ ಕೊಡ್ತೀರೇನ್ರಿ?" ಎಂದು ಗೋಡೆಯ ಮೇಲಿಂದ ಕೂಗಿದರು. "ಹಿಟ್ಟಿಂದರಿ ಯಕ್ಕಾ, ಬ್ಯಾ ಅನ್ನೂದಿಲ್ಲ," ಎಂದು ಅಲ್ಲಿಂದ ಉತ್ತರ ಬಂತು.

ಗುಡಿಯ ಹತ್ತಿರದ ಸಂದಿಯಲ್ಲಿ ತಗಡಿನ ಡಬ್ಬಿ ಮಾಡುವವನೊಬ್ಬನಿದ್ದಾನೆ. ಅವನಿಂದ ಅಚ್ಚು ಮಾಡಿಸಿದೆವು. ಮೊದಲನೆಯದನ್ನು ನೋಡಿ ಅಕ್ಕೋರು, "ಇದು ನಾಯಿ," ಎಂದು ವಾಪಸ್ ಕೊಟ್ಟರು. ಎರಡನೆಯದಕ್ಕೆ ಕೊಂಬು ಬಂದವು, ಆದರೆ ಹಿಂದಕ್ಕೆ ಸುತ್ತಿರಲಿಲ್ಲ. ಅದೂ ವಾಪಸ್. ಮೂರನೆಯದು ಟಗರು. ಉದ್ದಕ್ಕೆ ಎರಡು ಹೋಳು, ನಡುವೆ ಕೊಂಡಿ, ತಳ ತೆರೆದದ್ದು. ತಲೆ ಕೆಳಗೆ ಮಾಡಿ ನಿಲ್ಲಿಸಿ ತಳದಿಂದ ಹಿಟ್ಟು ಹುಯ್ಯಬೇಕು. ಆ ಡಬ್ಬಿಯವ ಇವತ್ತಿಗೂ ನನ್ನನ್ನು ಕಂಡರೆ ಅಂಗಡಿಯೊಳಗೆ ಸರಿಯುತ್ತಾನೆ.

ಮೊದಲ ಸಲ ಬೇಯಿಸಿದಾಗ ಕೊಂಬು ಇದ್ದಿಲಾದವು, ಹೊಟ್ಟೆ ಅಂಬಲಿಯಂತೆ ಉಳಿಯಿತು. ಅಕ್ಕೋರು ಒಲೆಯ ಮುಂದೆ ಕುರ್ಚಿ ಹಾಕಿಕೊಂಡು, ಗಡಿಯಾರ ಹಿಡಿದು, ಪ್ರತಿ ಐದು ನಿಮಿಷಕ್ಕೆ ಒಂದು ನೋಟುಪುಸ್ತಕದಲ್ಲಿ ಬರೆಯುತ್ತಿದ್ದರು. ನಾನು ಬಾಗಿಲ ಹಿಡಿಕೆಗೆ ಕೈ ಹಾಕಿದರೆ ಸಾಕು, ಮೊಣಕೈಗೆ ಪಟ್ಟನೆ ಹೊಡೆಯುತ್ತಿದ್ದರು. ನನಗೆ ಆಗ ಮೂವತ್ತೆರಡು ವರ್ಷ, ಎರಡು ಮಕ್ಕಳ ತಾಯಿ. ನನ್ನ ಮನೆ, ನನ್ನ ಒಲೆ, ನನಗೇ ಹೊಡೆತ.

ಎರಡನೆಯ ಸಲ ಹಳೇ ಧೋತರ ಹರಿದು, ಒದ್ದೆ ಮಾಡಿ, ಅಚ್ಚಿನ ಹೊರಗೆ ಪಟ್ಟಿ ಸುತ್ತಿಸಿದರು. ಅಂಚು ಅವಸರ ಮಾಡಬಾರದಂತೆ. ತಳದ ಕಡೆಯಿಂದ ಹೊಟ್ಟೆಯೊಳಗೆ ತಗಡಿನ ಒಂದು ನಳಿಗೆ ಇಳಿಬಿಡಿಸಿದರು, ಕಾವು ಒಳಗೂ ಹೋಗಲಿ ಎಂದು. ಆ ನಳಿಗೆಯೊಳಗೂ ಹಿಟ್ಟು ಹಾಕಿಸಿದರು. ಬೆಂದ ಮೇಲೆ ನಳಿಗೆ ಕಿತ್ತು, ಅದರೊಳಗಿನ ತುಂಡಿನಿಂದಲೇ ಆ ತೂತು ಮುಚ್ಚಬಹುದು. ಹೊಟ್ಟೆ ಬೆಂದಿತು! ನಾನು ಕುಣಿದೆ. ಇವರು ಮಾತ್ರ ಸುಟ್ಟ ಕೊಂಬು ಎತ್ತಿ ಹಿಡಿದು, "ಇದಕ್ಕ ಯಾರ ಉತ್ತರಾ ಕೊಡತಾರ?" ಎಂದರು.

ಮೂರನೆಯ ಸಲ ಅಚ್ಚಿನ ತಲೆಯನ್ನು ಒಂದು ಬೋಗುಣಿ ಉಸುಕಿನಲ್ಲಿ ಹುಗಿದು ನಿಲ್ಲಿಸಿದರು. ಕೊಂಬು ಉಳಿದವು. ಆದರೆ ಉಸುಕು ಸಾವಕಾಶ ಕಾಯುತ್ತದೆ, ನಳಿಗೆ ಕುತ್ತಿಗೆಯವರೆಗೆ ಮುಟ್ಟುವುದಿಲ್ಲ. ಎಲ್ಲ ಬೆಂದರೂ ಕುತ್ತಿಗೆ ಹಿಂದೆ ಬೀಳುತ್ತಿತ್ತು. "ಕುತ್ತಿಗಿಗೆ ಇನ್ನೂ ಅರ್ಧ ತಾಸ ಬೇಕು," ಎಂದು ನೋಟುಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. ಸೋತ ಮೂರೂ ಟಗರುಗಳ ಬೆಂದ ಭಾಗವನ್ನು ನಮ್ಮ ಮನೆಯವರೆಲ್ಲ ಹನ್ನೆರಡು ದಿನ ತಿಂದೆವು. ನನ್ನ ಗಂಡ, ಆಫೀಸಿಗೆ ಡಬ್ಬಿ ಒಯ್ಯುವವರು, "ಇವತ್ತ ಯಾವ ಭಾಗ?" ಎಂದು ಕೇಳತೊಡಗಿದರು.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಆರಕ್ಕೆ ಒಲೆ ಹಚ್ಚಿದೆ. ಎಲ್ಲವೂ ಲೆಕ್ಕದಂತೆ ನಡೆದಿತ್ತು. ಏಳೂಕಾಲಿಗೆ ಕರೆಂಟು ಹೋಯಿತು! ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಇಪ್ಪತ್ತೈದು ನಿಮಿಷ ಬಿಟ್ಟು ಬಂತು. ಅಕ್ಕೋರು, "ಇದು ಬ್ಯಾಡ. ಹೊಸಾದು ಹಾಕು," ಎಂದರು. ಹೊಸದಕ್ಕೆ ಹೊತ್ತೆಲ್ಲಿದೆ? ಹನ್ನೊಂದಕ್ಕೆ ಘೋಣಸಗಿಯಲ್ಲಿರಬೇಕು. ಅದನ್ನೇ ಮುಂದುವರಿಸಿದೆ, ತೆಗೆದೆ, ಫ್ಯಾನಿನ ಕೆಳಗೆ ಆರಿಸಿದೆ, ಕ್ರೀಮಿನಲ್ಲಿ ಉಣ್ಣೆ ಬಿಡಿಸಿದೆ. ಕಣ್ಣಿಗೆ ಎರಡು ಒಣದ್ರಾಕ್ಷಿ. ನಿಜವಾಗಿಯೂ ಎದ್ದು ಬರುವಂತಿತ್ತು. ಆಗ ಇವರು ಬಿಳಿ ಬಟ್ಟೆ ಬಿಚ್ಚಿದರು.

"ಕುತ್ತಿಗಿಗೆ ಒಂದ ಸಲ ಚುಚ್ಚಿ ನೋಡತೀನಿ, ಸರಿ."

ನನಗೆ ಅಷ್ಟು ದಿನದ ಸಿಟ್ಟೆಲ್ಲ ಒಮ್ಮೆಲೇ ನೆತ್ತಿಗೇರಿತು. "ಇವತ್ತ ಅದನ್ನ ಮುಟ್ಟಿದ್ರ ನೋಡ್ರಿ ಮತ್ತ! ಇದು ನಿಮ್ಮ ಸಾಲಿ ಅಲ್ಲ, ನನ್ನ ಮನಿ. ನಿಮಗ ಮಕ್ಕಳಿಲ್ಲ ಮರಿ ಇಲ್ಲ, ಮಂದಿ ಮನ್ಯಾಗ ಚುಚ್ಚೂದ ಒಂದ ಕೆಲಸ!"

ಆ ಮಾತು ಆಡಬಾರದಿತ್ತು. ಆಡಿದೆ. ಅವರು ಬಟ್ಟೆಯನ್ನು ಮೊದಲಿನಂತೆ ಸುತ್ತಿ, ಗಡಿಯಾರ ನೋಡಿ, "ಹೊತ್ತಾತು, ನಡಿ," ಎಂದರು.

ಗಂಡ ಕಾರು ಓಡಿಸಿದರು. ಅತ್ತೆ ತಾವೇ ಬರುತ್ತೇನೆಂದು ಮುಂದೆ ಕುಳಿತಿದ್ದರು, ಒಲೆಯ ತೀರ್ಪು ಕಣ್ಣಾರೆ ನೋಡಲು. ಹಿಂದಿನ ಸೀಟಿನಲ್ಲಿ ನಾನು, ಅಕ್ಕೋರು, ನಡುವೆ ಟಗರು. ಟಿಕೋಟಾ ದಾಟುವವರೆಗೆ ರಸ್ತೆಯ ಪ್ರತಿ ಉಬ್ಬಿಗೂ ಇಬ್ಬರೂ ಒಟ್ಟಿಗೆ ಅದರ ತಲೆ ಹಿಡಿದುಕೊಳ್ಳುತ್ತಿದ್ದೆವು.

ಘೋಣಸಗಿಯಲ್ಲಿ ಅಂಗಳದ ತುಂಬ ಮಂದಿ. ಕೂಸು ಟಗರನ್ನು ನೋಡಿ ಕೇಕೆ ಹಾಕಿತು. ಕೂಸಿನ ಅಜ್ಜ, ಹೆಗಲ ಮೇಲೆ ಕಂಬಳಿ ಹಾಕಿದ್ದ ಮುದುಕ, ಸುತ್ತ ಒಂದು ಸುತ್ತು ಹಾಕಿ, ಸಂತೆಯಲ್ಲಿ ಟಗರಿನ ವಯಸ್ಸು ಕೇಳುವಂತೆ ಗಂಭೀರವಾಗಿ ಕೇಳಿದ: "ಎರಡ ಹಲ್ಲಿಂದೋ, ನಾಕ ಹಲ್ಲಿಂದೋ?" ಎಲ್ಲರೂ ನಕ್ಕರು. ಕರೆಂಟು ಹೋದ ಇಪ್ಪತ್ತೈದು ನಿಮಿಷ ನನ್ನ ಎದೆಯಲ್ಲೇ ಕುಳಿತಿತ್ತು.

ಬೆನ್ನಿನ ಕಡೆಯಿಂದ ಕೊಯ್ಯುತ್ತಾರೆ, ಕುತ್ತಿಗೆ ಕೊನೆಗೆ ಬರುತ್ತದೆ, ಅಷ್ಟರಲ್ಲಿ ಹೇಗಾದರೂ ಎತ್ತಿ ಒಳಗಿಡೋಣ ಎಂದು ನಾನು ಹಂಚಿಕೆ ಹಾಕಿದ್ದೆ. ಆದರೆ ಅಜ್ಜ ಕೂಸಿನ ಕೈಯಲ್ಲಿ ಚಾಕು ಮುಟ್ಟಿಸಿ, ತಾನು ತೆಗೆದುಕೊಂಡು, ನೇರ ಕುತ್ತಿಗೆಗೇ ಇಟ್ಟ.

"ನಮ್ಮ ಮನ್ಯಾಗ ಟಗರ ಬಿದ್ರ, ತಲಿ ಮನಿಗೆ ಬಂದ ದೊಡ್ಡೋರಿಗೆ. ಅಕ್ಕೋರ, ಇಷ್ಟ ವರ್ಷ ನಿಮಗ ಕೊಡಾಕ ಬಂದಿಲ್ಲ, ನೀವು ತಿನ್ನೂದಿಲ್ಲ. ಇವತ್ತ ಒಲ್ಲೆ ಅನ್ನಬ್ಯಾಡ್ರಿ."

ತಲೆಯನ್ನು ಕುತ್ತಿಗೆಯ ಸಮೇತ ತಟ್ಟೆಯಲ್ಲಿಟ್ಟು ಎರಡೂ ಕೈಯಿಂದ ಕೊಟ್ಟ. ಅಂಗಳವೆಲ್ಲ ಅವರ ಕಡೆ ತಿರುಗಿತು. ಅತ್ತೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಮದುವೆ ಪತ್ರಿಕೆಯಲ್ಲಿ ಒಂದು ಕೊಂಬು ತಪ್ಪಿದರೆ ಬಿಡದ ಹೆಂಗಸು, ಅದೂ ಆ ಬೆಳಿಗ್ಗೆ ನನ್ನಿಂದ ಆ ಮಾತು ಕೇಳಿಸಿಕೊಂಡವರು, ನನ್ನನ್ನು ಯಾಕೆ ಬಿಡುತ್ತಾರೆ? ಮುಗಿಯಿತು, ಒಲೆ ಹೋಯಿತು ಎಂದುಕೊಂಡೆ.

ಅಕ್ಕೋರು ತಟ್ಟೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಒಂದು ತುತ್ತು ತಿಂದರು. ಇನ್ನೊಂದು. ಸಕ್ಕರೆ ಕಾಯಿಲೆಯವರು, ನನ್ನ ಕೇಕನ್ನು ಉಗುರಿನಷ್ಟೂ ಬಾಯಿಗಿಟ್ಟವರಲ್ಲ. ಕೊಂಬು, ಮೂತಿ, ಕುತ್ತಿಗೆ, ಎಲ್ಲವನ್ನೂ ನಿಂತಲ್ಲೇ ತಿಂದು ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ತರಗತಿಗೆಲ್ಲ ಕೇಳುವ ದನಿಯಲ್ಲಿ ಹೇಳಿದರು: "ಭಾಳ ಛಲೋ ಬೆಂದೈತಿ."

ಚಪ್ಪಾಳೆ ಬಿತ್ತು. ಉಳಿದ ಟಗರನ್ನು ಊರು ತಿಂದಿತು. ಅತ್ತೆ ಎರಡು ತುಂಡು ತಿಂದು, "ನಮ್ಮ ಸೊಸಿ ಮಾಡಿದ್ದು," ಎಂದು ಪಕ್ಕದವರಿಗೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ವಾಪಸ್ ಬರುವಾಗ ಕಾರಿನಲ್ಲಿ ನನ್ನನ್ನು ಹಿಡಿಯುವವರಿಲ್ಲ. "ನೋಡಿದ್ರ್ಯಾ ಅಕ್ಕೋರ, ದಬ್ಬಣಾ ಇಲ್ಲದನ ಬೆಂದೈತಿ!" ಎಂದೆ. ಅವರು ಕಿಟಕಿಯಾಚೆ ದ್ರಾಕ್ಷಿ ತೋಟ ನೋಡುತ್ತಾ, "ಗಾಡಿ ಸಾವಕಾಶ ಹೊಡಿ ಅನ್ನು," ಎಂದರು ಅಷ್ಟೇ. ಮುಂದಿನ ಎರಡು ದಿನ ಗೋಡೆಯಾಚೆಯಿಂದ ದನಿ ಇರಲಿಲ್ಲ, ಬಾಗಿಲು ಮುಚ್ಚಿಕೊಂಡಿತ್ತು. ನಾನು ಹಾಯಾಗಿದ್ದೆ.

ಒಲೆ ಉಳಿಯಿತು. ಬಬಲೇಶ್ವರದ ಮಾತು ಮತ್ತೆ ಎದ್ದಿಲ್ಲ. ಘೋಣಸಗಿಯಿಂದ ಪ್ರತಿ ವರ್ಷ ಟಗರಿನ ಕೇಕಿಗೆ ಹೇಳಿ ಕಳಿಸುತ್ತಾರೆ, ಆ ಕೂಸು ಈಗ ಶಾಲೆಗೆ ಹೋಗುತ್ತದೆ. ಮೊದಲ ಟಗರೇ ಅಷ್ಟು ಚೆನ್ನಾಗಿ ಬಂದಿದ್ದರಿಂದ ತಾನೇ ಬಿಡದೆ ಕೇಳುತ್ತಾರೆ ಎಂದು ಹೊಸ ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗಿದೆ. ಅಕ್ಕೋರು ಮಾತ್ರ ಪ್ರತಿ ವರ್ಷ ಆ ದಿನ ಕುರ್ಚಿ ತಂದು ಒಲೆಯ ಮುಂದೆ ಕುಳಿತು, "ಕುತ್ತಿಗಿಗೆ ಅರ್ಧ ತಾಸ ಹೆಚ್ಚ ಕೊಡು," ಎಂದು ತಲೆ ತಿನ್ನುತ್ತಿದ್ದರು. "ಮೊದಲನೇ ವರ್ಷ ನೀವ ತಿಂದ ಛಲೋ ಅಂದೀರಲ್ರಿ!" ಎಂದು ನಾನು. "ಅಂದೀನಿ. ಅರ್ಧ ತಾಸ ಕೊಡು," ಎಂದು ಅವರು. ಬಾಯಿ ಮುಚ್ಚಿದರೆ ಸಾಕು ಎಂದು ಕೊಡುತ್ತಿದ್ದೆ.

ಅವರು ಹೋದ ಮೇಲೆ ಅವರ ತಮ್ಮನ ಮಕ್ಕಳು ಬಂದು ಎಲ್ಲ ಮಾಡಿದರು. ಐದನೆಯ ದಿನ ಘೋಣಸಗಿಯ ಶಿಷ್ಯ ಮಾತಾಡಿಸಲು ಬಂದ. ಅವರ ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿ ಚಾಪೆಯ ಮೇಲೆ ಕುಳಿತಿದ್ದೆವು. ಒಬ್ಬೊಬ್ಬರು ಒಂದೊಂದು ನೆನೆಸಿಕೊಂಡು ಹೇಳುತ್ತಿದ್ದರು. ನಾನು ಟಗರಿನ ಮಾತು ತೆಗೆದೆ, ಸ್ವಲ್ಪ ಜಂಬದಿಂದಲೇ. ಅವನು ತಲೆ ತಗ್ಗಿಸಿ ನಕ್ಕ.

"ಇನ್ನ ಹೇಳಿದ್ರ ನಡೀತೈತ್ರಿ ಅಕ್ಕಾ. ಅದಾದ ಮುಂದಿನ ವಾರ ಅಕ್ಕೋರು ಒಬ್ಬರೇ ಬಸ್ಸ ಹತ್ತಿ ನಮ್ಮ ಮನಿಗೆ ಬಂದಿದ್ರು. ಕೂಡ್ರಲಿಲ್ಲ, ನೀರ ಕುಡೀಲಿಲ್ಲ. ನಮ್ಮಪ್ಪನ ಮುಂದ ನಿಂತು, 'ಅವತ್ತ ನಾ ಸುಳ್ಳ ಹೇಳೀನಿ. ಕುತ್ತಿಗಿ ಹಸಿ ಇತ್ತು. ಸಾಲ್ಯಾಗ ನಿಮ್ಮ ಮಗನಿಗೆ ಸುಳ್ಳ ಹೇಳಿದ್ದಕ್ಕ ಹೊಡದೀನಿ, ಅದಕ್ಕ ಹೇಳಾಕ ಬಂದೀನಿ,' ಅಂದ್ರು."

ಅಂಗಳದಲ್ಲಿ ಎಲ್ಲರೂ ನೋಡುತ್ತಿರುವಾಗ ಅವರು ತುತ್ತು ತುತ್ತಾಗಿ ನುಂಗಿದ್ದು ಹಸಿ ಹಿಟ್ಟು. ಆಮೇಲೆ ಎರಡು ದಿನ ಬಾಗಿಲು ಮುಚ್ಚಿದ್ದು ಅದಕ್ಕೇ.

"ನಮ್ಮಪ್ಪ ನಕ್ಕು, ಬಿಡ್ರಿ ಅಕ್ಕೋರ, ಬರೂ ವರ್ಷ ಬ್ಯಾರೆ ಏನರೆ ತರಸೂಣು ಅಂದ್ರು. ಅದಕ್ಕ ಅಕ್ಕೋರು, 'ಇಲ್ಲ, ಆಕಿ ಕಡಿಂದನ ಮಾಡಸ್ರಿ. ಆಕಿ ಕಲೀತಾಳ, ನಾ ಮುಂದ ಕುಂತ ಕಲಸ್ತೀನಿ. ಆದ್ರ ಆಕಿಗೆ ಹೇಳಬ್ಯಾಡ್ರಿ. ಸಿಟ್ಟ ಭಾಳ, ಸಿಟ್ಟಿನಾಗ ಒಲಿ ತಾನ ಒಯ್ದ ಕೊಟ್ಟ ಬರತಾಳ,' ಅಂದ್ರು. ನಮ್ಮ ಕಡಿಂದ ಆಣಿ ಮಾಡಿಸ್ಕೊಂಡ ಹೋದ್ರು."

ಹೇಳಿಕೊಂಡು ಬಂದರಂತೆ! ಬಸ್ಸು ಹತ್ತಿ ಘೋಣಸಗಿಯವರೆಗೆ ಹೋಗಿ ಹೇಳಿ ಬಂದರಂತೆ! ಒಂದು ಗೋಡೆ ದಾಟಿ ನನಗೊಬ್ಬಳಿಗೆ ಹೇಳಲಿಲ್ಲ. ಅಷ್ಟು ವರ್ಷ ನನ್ನಿಂದ ಕುತ್ತಿಗೆಯ ವಿಷಯಕ್ಕೆ ಬೈಸಿಕೊಂಡು ಕುಳಿತರು. ಆ ಬೆಳಗಿನ ಮಾತಿಗೆ ನಾನು ಒಮ್ಮೆಯೂ ತಪ್ಪಾಯಿತು ಎಂದಿರಲಿಲ್ಲ. ನಾಳೆ ಅನ್ನೋಣ, ಹಬ್ಬಕ್ಕೆ ಅನ್ನೋಣ ಎಂದು ಹಾಗೇ ಬಿಟ್ಟಿದ್ದೆ.

ನನಗೆ ಎಲ್ಲಿದ್ದೇನೆ ಎಂಬುದು ಮರೆಯಿತು. ಚಾಪೆಯ ಮೇಲಿಂದ ಎದ್ದು ನಿಂತು, ಅಷ್ಟು ಮಂದಿಯ ನಡುವೆ, ಗೋಡೆಯ ಮೇಲಿದ್ದ ಅವರ ಫೋಟೋಕ್ಕೆ ಜೋರಾಗಿ ಬೈದೆ. "ಎಂಥಾ ಹೆಂಗಸ್ರೀ ನೀವು! ನನಗ ಹೇಳಾಕ ಏನಾಗಿತ್ತು? ಯಾಕ ಹೇಳಲಿಲ್ಲ? ಯಾಕ?" ಅತ್ತೆ ನನ್ನ ಸೆರಗು ಹಿಡಿದು ಎಳೆದರು, "ಕೂಡ್ರವಾ, ಕೂಡ್ರು," ಎಂದರು. ಅವರ ಕಣ್ಣಲ್ಲೂ ನೀರಿತ್ತು.

ನಾನು ಕೂರಲಿಲ್ಲ. ಬೈದು ಮುಗಿಸಿ, ರೂಢಿಯಂತೆ, ಅವರ ಉತ್ತರಕ್ಕೆ ಕಾಯುತ್ತ ನಿಂತುಬಿಟ್ಟೆ.